ಮೂತಿಯಿಲ್ಲದ ನಾಯಿಗೆ ಕುಕ್ಕೆ

ಒಟ್ಟಿಲಿ ಹಾವ್ಲಿಕ್ ಮನುಷ್ಯರ ಮುಖ ಮರೆಯುವುದರಲ್ಲಿ ಬೀದಿಗೇ ಹೆಸರುವಾಸಿ. ಎದುರುಮನೆಯಾಕೆ ಕೂದಲು ಕತ್ತರಿಸಿಕೊಂಡು ಬಂದರೆ ಹೊಸ ಗಿರಾಕಿಯೆಂದು ಕುರ್ಚಿ ಸರಿಸಿಕೊಡುತ್ತಿದ್ದಳು. ನಾಯಿಯ ತಲೆಯ ವಿಷಯ ಮಾತ್ರ ಬೇರೆ. ಒಂದು ಸಲ ಅಂಗೈಯಲ್ಲಿ ಹಿಡಿದು ನೋಡಿದಳೆಂದರೆ ಮುಗಿಯಿತು, ಹತ್ತು ವರ್ಷ ಬಿಟ್ಟು ಬಂದರೂ ಗುರುತು ಹಿಡಿಯುತ್ತಿದ್ದಳು. "ಇವನು ಎಡಗಡೆ ಹಲ್ಲಲ್ಲೇ ಮೂಳೆ ಕಡೀತಾನೆ ನೋಡಿ, ಆ ಕಡೆ ಕೆನ್ನೆ ದಪ್ಪ," ಎಂದು ಅವಳು ಹೇಳಿದರೆ ನಾಯಿಯ ಯಜಮಾನನಿಗೇ ಅದು ಹೊಸ ಸುದ್ದಿ.

ವಿಯೆನ್ನಾದ ಒಟ್ಟಾಕ್ರಿಂಗ್ ಬಡಾವಣೆಯಲ್ಲಿ, ಟ್ರಾಮ್ ಹಳಿಯ ಪಕ್ಕದಲ್ಲೇ ಅವಳ ಅಂಗಡಿ. ಬಾಗಿಲು ತೆರೆದರೆ ತೊಗಲು, ಜೇನುಮೇಣ, ನಾಯಿ, ಮೂರೂ ಬೆರೆತ ವಾಸನೆ. ಗೋಡೆಯ ತುಂಬ ಬಾಯಿಕುಕ್ಕೆಗಳು ತೂಗುತ್ತಿದ್ದವು. ಬೇಟೆನಾಯಿಯ ಸಪೂರ ಮೂತಿಗೆ ಉದ್ದನೆಯದು, ಕುರಿನಾಯಿಗೆ ಅಗಲದ್ದು, ಮುದಿ ನಾಯಿಗೆ ಒಳಗೆ ಮೆತ್ತನೆ ಬಟ್ಟೆ ಹೊಲಿದದ್ದು. ಆ ಊರಲ್ಲಿ ಟ್ರಾಮ್ ಹತ್ತುವ ನಾಯಿಯ ಬಾಯಿಗೆ ಕುಕ್ಕೆ ಇರಲೇಬೇಕು. ನಾಯಿ ಎಷ್ಟೇ ಸಾಧುವಾಗಿರಲಿ, ಯಜಮಾನ ಎಷ್ಟೇ ದೊಡ್ಡ ಅಧಿಕಾರಿಯಾಗಿರಲಿ, ಈ ಮಾತಿಗೆ ವಿನಾಯಿತಿಯಿಲ್ಲ. ಮುಚ್ಚಿದ ಚೀಲದಲ್ಲಿ ತುರುಕಿ ಒಯ್ಯಬಹುದಾದ ಪುಟಾಣಿಗಳು ಮಾತ್ರ ಬಚಾವು.

ಅವಳ ಅಪ್ಪ ಬಿಯರ್ ಗಾಡಿಯ ಕುದುರೆಗಳಿಗೆ ಜೀನು, ಲಗಾಮು ಹೊಲಿಯುತ್ತಿದ್ದವನು. ಕುದುರೆಗಳು ಹೋಗಿ ಲಾರಿಗಳು ಬಂದವು. ಲಾರಿಗೆ ಲಗಾಮು ಬೇಡವಲ್ಲ, ಅಪ್ಪ ನಾಯಿಗಳ ಕಡೆ ತಿರುಗಿದ. ಅವನ ಅಳತೆ ಸರಳ. ನಾಯಿಯ ಬಾಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಮುಚ್ಚಿ ಹಿಡಿ, ಮೂಗಿನ ಉದ್ದ ಒಂದು ತೆಗೆ, ಮೂತಿಯ ಸುತ್ತಳತೆ ಒಂದು ತೆಗೆ, ಅಷ್ಟೇ. ಕುದುರೆಯ ತಲೆಗೆ ಇದು ನಡೆಯುತ್ತದೆ, ಯಾಕೆಂದರೆ ಕುದುರೆ ಸತ್ತರೂ ಬಾಯಲ್ಲಿ ಉಸಿರಾಡುವುದಿಲ್ಲ, ಎಲ್ಲ ಮೂಗಲ್ಲೇ. ನಾಯಿಗೂ ಅದೇ ಅಳತೆ ಸಾಕೆಂದುಕೊಂಡದ್ದು ಅಪ್ಪ ಮಾಡಿದ ತಪ್ಪು. ಜೀನುಗಾರನಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು. ಅಪ್ಪ ಅದನ್ನು ಕಸುಬಿನ ಜೊತೆಗೇ ಮಗಳಿಗೂ ಕೊಟ್ಟು ತೀರಿಕೊಂಡ.

ಆಗ ಒಟ್ಟಿಲಿಗೆ ಇಪ್ಪತ್ನಾಲ್ಕು, ಯುದ್ಧ ಮುಗಿದು ಆರನೆಯ ಬೇಸಿಗೆ. ಕಸಾಯಿ ಅಂಗಡಿಯ ಫ್ರಾವ್ ಕೋಟ್ಸಿಯಾನ್ ತನ್ನ ಬಾಕ್ಸರ್ ನಾಯಿ ಹಸ್ಸೋನಿಗೆ ಒಂದು ಕುಕ್ಕೆ ಹೊಲಿಸಿಕೊಂಡಳು. ಬಾಕ್ಸರ್ ಎಂದರೆ ಮೊದಲೇ ಗಿಡ್ಡ ಮೂತಿ. ಕುಕ್ಕೆ ಕೈಗವಸಿನಷ್ಟು ಚೆನ್ನಾಗಿ ಕೂತಿತು. ಒಟ್ಟಿಲಿ ತನ್ನ ಕೆಲಸ ನೋಡಿ ತಾನೇ ಬೀಗಿದಳು. ಮೂರನೆಯ ದಿನ ಮಧ್ಯಾಹ್ನದ ಉರಿಬಿಸಿಲಲ್ಲಿ, ತುಂಬಿದ ಟ್ರಾಮಿನಲ್ಲಿ ಹಸ್ಸೋ ಕಾಲು ಮಡಿಸಿ ಬಿದ್ದುಬಿಟ್ಟ. ಯಾರೋ ಪುಣ್ಯಾತ್ಮರು ಪಟ್ಟಿ ಕತ್ತರಿಸಿ, ನಲ್ಲಿಯ ಕೆಳಗೆ ಹಿಡಿದು ಬದುಕಿಸಿದರು. ಫ್ರಾವ್ ಕೋಟ್ಸಿಯಾನ್ ನೇರ ಅಂಗಡಿಗೆ ಬಂದು, ಕತ್ತರಿಸಿದ ಕುಕ್ಕೆಯನ್ನು ಮೇಜಿನ ಮೇಲೆ ಎಸೆದಳು.

"ನಿಮ್ಮಪ್ಪ ಜೀವ ಇರೋ ಕುದುರೆಗೆ ಹೊಲೀತಿದ್ದ ಕಣೇ. ನೀನು ಚೌಕದಲ್ಲಿ ನಿಂತಿರೋ ಕಲ್ಲುನಾಯಿಗೆ ಹೊಲಿದಿದ್ದೀಯ. ಅದಕ್ಕಾದ್ರೆ ಉಸಿರು ಬೇಡ."

ಒಟ್ಟಿಲಿ ಆ ಕುಕ್ಕೆಯನ್ನು ಎಸೆಯಲಿಲ್ಲ. ಹೊಲಿಗೆ ಮೇಜಿನ ಎದುರಿನ ಮೊಳೆಗೆ, ತಲೆಯೆತ್ತಿದರೆ ಕಣ್ಣಿಗೆ ಬೀಳುವಂತೆ ನೇತುಹಾಕಿದಳು.

ಮಾರನೆಯ ವಾರ ಊರ ಇನ್ನೊಂದು ಬದಿಯ ಪಶುವೈದ್ಯ ಶಾಲೆಗೆ ಹೋದಳು. ಮುಂಬಾಗಿಲಲ್ಲಿ ಕೇಳಿದರೆ ಒಳಗೆ ಬಿಡುವವರು ಯಾರು? ಹಿತ್ತಲ ಬಾಗಿಲಲ್ಲಿ ಹೆರ್ ಬ್ಲಾಹಾ ಸಿಕ್ಕ. ಮೂಳೆಗಳನ್ನು ಕುದಿಸಿ, ಬಿಳಿಚಿಸಿ, ತಂತಿ ಕಟ್ಟಿ ವಿದ್ಯಾರ್ಥಿಗಳಿಗೆ ಜೋಡಿಸಿಡುವ ಮುದುಕ. ಅವನ ಚರ್ಮದ ಏಪ್ರನ್ ಹರಿದು ಚಿಂದಿಯಾಗಿತ್ತು. ಅದನ್ನು ಹೊಲಿದುಕೊಟ್ಟರೆ ತಲೆಯ ಪಾಠ ಹೇಳುತ್ತೇನೆಂದು ಒಪ್ಪಿದ. ಪ್ರತಿ ಬುಧವಾರ ಅವನು ಮೇಜಿನ ಮೇಲೆ ಗೋಣಿತಟ್ಟು ಹಾಸಿ, ಅದರಡಿ ಒಂದು ತಲೆಬುರುಡೆ ಇಡುತ್ತಿದ್ದ.

"ನೋಡಬೇಡ ಹುಡುಗಿ. ಕಣ್ಣು ಅವಸರದ್ದು, ಕೈ ನಿಧಾನದ್ದು. ಕೈ ಹಾಕು."

"ದುಂಡಗಿದೆ. ನೆತ್ತಿ ನುಣ್ಣಗಿದೆ. ಕಣ್ಣಿನ ಗುಳಿ ತುಂಬಾ ದೊಡ್ಡದು, ಸುತ್ತ ಮೂಳೆ ಬಳೆ ಥರ ಬಂದು, ಇನ್ನೇನು ಕೂಡಬೇಕು ಅನ್ನೋ ಹೊತ್ತಿಗೆ ನಿಂತುಬಿಟ್ಟಿದೆ."

"ಹಾಗಾದ್ರೆ?"

"ಬೆಕ್ಕು."

"ಹೂಂ. ನಾಯಿಗೆ ಆ ಬಳೆ ಅರ್ಧದಲ್ಲೇ ಮುರಿದಿರತ್ತೆ. ಮಿಕ್ಕಿದ್ದು ಬರೀ ನಾರು. ಅದರ ನೆತ್ತಿ ಮೇಲೆ ಏಣು ಸಿಗತ್ತೆ, ಬೆಟ್ಟದ ಬೆನ್ನಿನ ಹಾಗೆ. ಅಗಿಯೋ ಸ್ನಾಯು ಅಲ್ಲಿಂದ ಹೊರಡತ್ತೆ. ಇನ್ನು ಕಿವಿಯ ಕೆಳಗಿನ ಗುಬುಟು ಮುಟ್ಟಿ ನೋಡು. ನಾಯಿಗೆ ಒಳಗೆ ಒಂದೇ ಕೋಣೆ. ಬೆಕ್ಕಿನದು ಮಧ್ಯೆ ಗೋಡೆ ಹಾಕಿ ಎರಡು ಮಾಡಿದ್ದು. ಇಲಿ ಉಸಿರಾಡಿದ್ದೂ ಕೇಳಬೇಕಲ್ಲ ಮಹಾರಾಣಿಗೆ."

ಒಂದು ಬುಧವಾರ ಅವಳ ಕೈ ಗೋಣಿತಟ್ಟಿನಡಿ ತಡವರಿಸಿ ನಿಂತಿತು. "ಇದು ಯಾವ ಪ್ರಾಣಿನೋ ಗೊತ್ತಾಗ್ತಿಲ್ಲ, ಹೆರ್ ಬ್ಲಾಹಾ. ಇದರ ಮೇಲೆ ಯಾರೋ ಕೂತುಬಿಟ್ಟಿದಾರೆ."

"ಕೂತಿದಾರೆ. ಮನುಷ್ಯರೇ ಕೂತಿರೋದು, ನೂರು ವರ್ಷದಿಂದ ಎದ್ದಿಲ್ಲ. ಬುಲ್‌ಡಾಗ್ ಅದು."

ಆ ದಿನದ ಪಾಠವನ್ನು ಒಟ್ಟಿಲಿ ಮರೆಯಲಿಲ್ಲ. ಚಂದಕ್ಕೆಂದು ತಲೆಬುರುಡೆಯನ್ನು ಗಿಡ್ಡ ಮಾಡಿದರು, ಆದರೆ ಒಳಗಿನ ಮಾಂಸಕ್ಕೆ ಆ ಸುದ್ದಿಯನ್ನು ಯಾರೂ ಮುಟ್ಟಿಸಲಿಲ್ಲ ಎಂದ ಬ್ಲಾಹಾ. ಹಾಗಾಗಿ ಬಾಯಿಯ ಹಿಂದಿನ ಮೆತ್ತನೆ ಅಂಗುಳ ದೊಡ್ಡ ಬಾಗಿಲಿನ ಪರದೆಯನ್ನು ಸಣ್ಣ ಕಿಟಕಿಗೆ ತೂಗುಹಾಕಿದಂತೆ ಜೋತುಬಿದ್ದಿರುತ್ತದೆ. ಉಸಿರು ಬಂದಾಗಲೆಲ್ಲ ಅದು ಪಟಪಟ ಹೊಡೆದುಕೊಳ್ಳುತ್ತದೆ, ಅದೇ ಗೊರಕೆ. ಕಣ್ಣಿನ ಗುಳಿಗೂ ಆಳವಿಲ್ಲ, ತಟ್ಟೆಯಲ್ಲಿಟ್ಟ ದ್ರಾಕ್ಷಿಯಂತೆ ಕಣ್ಣು ಕೂತಿರುತ್ತದೆ. ಕತ್ತಿಗೆ ಪಟ್ಟಿ ಬಿಗಿದು ಜಗ್ಗಿದರೆ ಕಣ್ಣುಗುಡ್ಡೆಯೇ ಹೊರಗೆ ಬಂದೀತು. ಬೆವರುವುದು ಗೊತ್ತಿಲ್ಲದ ಪ್ರಾಣಿ, ಮೈಯ ಕಾವನ್ನೆಲ್ಲ ತೆರೆದ ಬಾಯಿಂದಲೇ ಹೊರಹಾಕಬೇಕು.

ಒಟ್ಟಿಲಿ ಅಂಗಡಿಗೆ ಬಂದವಳೇ ಒಂದು ಫಲಕ ಬರೆದು ಬಾಗಿಲಿಗೆ ಹೊಡೆದಳು. 'ಗಿಡ್ಡ ಮೂತಿಯ ನಾಯಿಗಳ ಅಳತೆ ತೆಗೆಯುವುದಿಲ್ಲ.' ಬಿಸಿಹಾಲು ಕುಡಿದ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ, ಹಾಗೆ.

ಪಾಠ ಮುಗಿದ ದಿನ ಬ್ಲಾಹಾ ಅವಳಿಗೆ ಒಂದು ಕುರಿನಾಯಿಯ ಬುರುಡೆಯನ್ನು ಉಡುಗೊರೆ ಕೊಟ್ಟ. ಅದನ್ನು ಬಲೆಚೀಲದಲ್ಲಿ ಹಾಕಿಕೊಂಡು ಟ್ರಾಮ್ ಹತ್ತಿದಳು. ಕಂಡಕ್ಟರ್, ಇಸ್ತ್ರಿ ಮಾಡಿದ ಸಮವಸ್ತ್ರದ ತೆಳ್ಳನೆಯ ಮನುಷ್ಯ, ಚೀಲದ ಮುಂದೆ ಬಂದು ನಿಂತ.

"ಏನಿದು?"

"ನಾಯಿ ತಲೆ."

"ನಾಯಿ ಅಂದ್ಮೇಲೆ ಅರ್ಧ ಟಿಕೆಟ್ ಆಗತ್ತೆ, ಫ್ರಾಯ್ಲೈನ್."

"ಬರೀ ತಲೆ ಸ್ವಾಮಿ. ಮಿಕ್ಕಿದ್ದೇನೂ ಇಲ್ಲ."

"ನಾಯಿಗೆ ಟಿಕೆಟ್ ಅಂತಿದೆ. ಎಷ್ಟು ನಾಯಿ ಉಳಿದಿರಬೇಕು ಅಂತ ನಿಯಮದಲ್ಲಿ ಬರೆದಿಲ್ಲ." ಟಿಕೆಟ್ ಹರಿದು, ತೂತು ಹೊಡೆದು ಕೊಟ್ಟು ಹೊರಟವನು ಮತ್ತೆ ತಿರುಗಿ ಬುರುಡೆಯ ಹಲ್ಲು ನೋಡಿದ. "ಕುಕ್ಕೆ ಎಲ್ಲಿ?"

ಟ್ರಾಮಿಡೀ ನಕ್ಕಿತು, ಅವನು ನಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಬಾಯಿಕುಕ್ಕೆ ಹೊಲಿಯುವ ಒಟ್ಟಿಲಿ ಹಾವ್ಲಿಕ್‌ಳನ್ನು, ಕುಕ್ಕೆಯಿಲ್ಲದ ನಾಯಿ ತಂದಳೆಂದು, ಕೆಳಗಿಳಿಸಿದ. ಅವಳು ಮೂರು ಮೈಲಿ ನಡೆದಳು. ಆ ಅರ್ಧ ಟಿಕೆಟ್ಟನ್ನು ಬುರುಡೆಯ ಹಲ್ಲುಗಳ ನಡುವೆ ಸಿಕ್ಕಿಸಿ ಕಪಾಟಿನ ಮೇಲಿಟ್ಟಳು. ಬಂದವರಿಗೆಲ್ಲ ಆ ಕಥೆ ಹೇಳಿ ಹೇಳಿ, ಕಂಡಕ್ಟರನ ಮೀಸೆ ಪ್ರತಿ ವರ್ಷ ಒಂದಿಂಚು ಉದ್ದವಾಗುತ್ತ ಹೋಯಿತು. ನಿಜಕ್ಕೂ ಅವನಿಗೆ ಮೀಸೆಯೇ ಇರಲಿಲ್ಲ.

ವರ್ಷಗಳು ಸರಿದವು. ಅವಳು ಮದುವೆಯಾಗಲಿಲ್ಲ. ಗಡಿಯಾರ ರಿಪೇರಿಯವನೊಬ್ಬ ಎರಡು ಚಳಿಗಾಲ ಕೇಕ್ ತಂದುಕೊಟ್ಟ. ಅವನ ಮೇಲ್ದವಡೆ ಕೆಳದವಡೆ ಹೊಂದುವುದಿಲ್ಲ, ಅಗಿಯುವಾಗ ಟಕ್ ಟಕ್ ಅನ್ನುತ್ತದೆ, ಜೀವನವಿಡೀ ಕೇಳುವುದು ಕಷ್ಟ ಎಂದು ಬಿಟ್ಟಳು. ಕೆಲಸ ಬೆಳೆಯಿತು. ಕುಕ್ಕೆಯ ಅಳತೆಯನ್ನು ಅವಳು ಈಗ ಬಾಯಿ ತೆರೆಸಿಯೇ ತೆಗೆಯುತ್ತಿದ್ದಳು. ಪಶುವೈದ್ಯ ಶಾಲೆಯವರು ಬೆಕ್ಕುಗಳಿಗೆ ಮುಖವಾಡ ಹೊಲಿಸಿಕೊಳ್ಳತೊಡಗಿದರು. ಕಣ್ಣು ಮುಚ್ಚಿದರೆ ಬೆಕ್ಕು ಅರ್ಧ ಸೋತಂತೆ, ಆಮೇಲೆ ಸೂಜಿ ಚುಚ್ಚುವುದು ಸುಲಭ. ಅಂಗಡಿಯ ಬೆಕ್ಕು ಮಿನ್ಕಾಳನ್ನು ಕೂರಿಸಿಕೊಂಡು ಅವನ್ನು ಹೊಲಿದು ನೋಡುತ್ತಿದ್ದಳು. ಮಿನ್ಕಾ ಮೊದಲ ವರ್ಷ ಪರಚಿದಳು, ಎರಡನೆಯ ವರ್ಷದಿಂದ ಮುಖವಾಡದೊಳಗೇ ನಿದ್ದೆ ಹೋಗುವುದನ್ನು ಕಲಿತಳು.

ಹಾಗೆ ಒಟ್ಟಿಲಿಗೆ ಐವತ್ತೆರಡಾಯಿತು. ಆ ವರ್ಷದ ಜುಲೈ ತಿಂಗಳಲ್ಲಿ, ಒಂದು ಸೋಮವಾರ ಬೆಳಿಗ್ಗೆ ತೆಳ್ಳನೆಯ ಮುದುಕನೊಬ್ಬ ಬಾಗಿಲ ಫಲಕವನ್ನು ಎರಡು ಸಲ ಓದಿಕೊಂಡು ಒಳಗೆ ಬಂದ. ಹಿಂದೆ ಒಂದು ಬುಲ್‌ಡಾಗ್ ಹಳೇ ಪಂಪಿನಂತೆ ಸದ್ದು ಮಾಡುತ್ತ ಬಂತು. ಕಂದು ಬಿಳಿ ಮೈ, ಅಗಲ ಎದೆ, ಮುಂದೆ ಚಾಚಿದ ಕೆಳದವಡೆ, ಹಣೆಯ ತುಂಬ ಮಡಿಕೆ. ಒಂದು ಹಲ್ಲು ತುಟಿಯ ಹೊರಗೇ ಉಳಿದಿತ್ತು.

"ನಮಸ್ಕಾರ, ಫ್ರಾವ್ ಹಾವ್ಲಿಕ್. ನನ್ನ ಹೆಸರು ನವ್ರಾಟಿಲ್. ಇವನು ಪೆಪಿ, ನನ್ನ ಅಕ್ಕನ ನಾಯಿ. ಇವನಿಗೊಂದು ಕುಕ್ಕೆ ಬೇಕು, ಭಾನುವಾರದೊಳಗೆ."

"ಫಲಕ ಓದಿದ್ರಿ ಅಲ್ವಾ?"

"ಓದಿದೆ. ಗಿಡ್ಡ ಮೂತಿ ಅಂತಿದೆ. ಇವನಿಗೆ ಮೂತಿನೇ ಇಲ್ಲ. ಮೂತಿನೇ ಇಲ್ಲದೋರ ಬಗ್ಗೆ ಅದರಲ್ಲಿ ಬರೆದಿಲ್ಲ."

ಒಟ್ಟಿಲಿ ಕತ್ತರಿ ಕೆಳಗಿಟ್ಟಳು. ಮುಖ ನೆನಪಾಗದಿದ್ದರೇನು, ಆ ಮಾತಿನ ಧಾಟಿಯನ್ನು ಅವಳು ಇಪ್ಪತ್ತೆಂಟು ವರ್ಷದಿಂದ ಗಿರಾಕಿಗಳಿಗೆ ಅಭಿನಯಿಸಿ ತೋರಿಸಿದ್ದಳು. ಎದ್ದು ಹೋಗಿ ಕಪಾಟಿನಿಂದ ಬುರುಡೆ ತಂದು ಅವನೆದುರು ಇಟ್ಟಳು. ನವ್ರಾಟಿಲ್ ಕನ್ನಡಕ ಹಾಕಿಕೊಂಡು, ಹಲ್ಲಿನ ನಡುವಿನ ಟಿಕೆಟ್ಟನ್ನು ಓದಿದ.

"ನಂದೇ ತೂತು ಇದು," ಎಂದ ನಿಧಾನಕ್ಕೆ. "ಅಂಚಿಗೆ ಹೊಡೀತಿದ್ದೆ ನಾನು."

"ಹೂಂ. ಈಗ ಹೇಳಿ, ಕಂಡಕ್ಟರ್ ಸಾಹೇಬ್ರೇ."

"ಕೊನೇ ಹದಿನೈದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದೆ," ಎಂದು ಮೊದಲು ತಿದ್ದಿ, ಆಮೇಲೆ ಹೇಳಿದ. ಅಕ್ಕ ಮಿಟ್ಸಿ ಸೊಂಟ ಮುರಿದುಕೊಂಡು ಡ್ಯಾನ್ಯೂಬಿನ ಆಚೆ ದಡದ ವೃದ್ಧಾಶ್ರಮ ಸೇರಿ ಆರು ವಾರವಾಯಿತು. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಭಾನುವಾರ ಅವಳಿಗೆ ಎಪ್ಪತ್ತು ತುಂಬುತ್ತದೆ. ಏನು ಬೇಕು ಅಂದರೆ, ಪೆಪಿ ಬೇಕು ಅಂದಳು. ಅಷ್ಟು ದೂರ ಇವನು ನಡೆಯಲಾರ. ಟ್ಯಾಕ್ಸಿಯವರು ಇವನ ಜೊಲ್ಲು ನೋಡಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ.

"ಇವನ ಗೊರಕೆಗೆ ನನಗೆ ನಿದ್ದೆ ಇಲ್ಲ. ಅಲ್ಲಿ ಅವಳಿಗೂ ನಿದ್ದೆ ಇಲ್ಲವಂತೆ, ಮಾತ್ರೆ ಮೇಲೆ ಮಾತ್ರೆ ಕೊಡ್ತಾರಂತೆ. ಮೂವರಲ್ಲಿ ಮಲಗೋನು ಇವನೊಬ್ಬನೇ."

"ಕುಕ್ಕೆ ಇಲ್ಲದೇ ಹತ್ತಿಸಿ. ಇವನನ್ನ ನೋಡಿ ಯಾರು ಏನಂತಾರೆ?"

ನವ್ರಾಟಿಲ್ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಬ್ಯಾಂಕಿಗೆ ಕನ್ನ ಹಾಕೋಣವೇ ಎಂದು ಅವಳು ಕೇಳಿದಂತಿತ್ತು. "ಮೂವತ್ತೈದು ವರ್ಷ ಜನರನ್ನ ಕೆಳಗಿಳಿಸಿದೀನಿ, ಫ್ರಾವ್ ಹಾವ್ಲಿಕ್. ಅಳ್ತಾ ಇದ್ದೋರನ್ನೂ ಇಳಿಸಿದೀನಿ. ಈಗ ನನ್ನ ಅಕ್ಕ ಅಂತ ನಾನೇ ಹತ್ತಿದ್ರೆ, ಅವರಿಗೆಲ್ಲ ಏನು ಹೇಳ್ಲಿ?"

ಮಾಡಿದ್ದುಣ್ಣೋ ಮಹರಾಯ ಎಂದು ಒಟ್ಟಿಲಿಗೆ ಒಳಗೊಳಗೇ ನಗು ಬಂತು. ಆದರೆ ತಲೆಯೆತ್ತಿದರೆ ಎದುರಿಗೆ ಹಸ್ಸೋನ ಕುಕ್ಕೆ. ಬಾಕ್ಸರಿಗೇ ಆ ಗತಿಯಾದರೆ ಈ ಪಂಪಿನ ಗತಿಯೇನು? ಆಗುವುದಿಲ್ಲ ಎಂದಳು. ನವ್ರಾಟಿಲ್ ವಾದ ಮಾಡಲಿಲ್ಲ. ಅವನು ವಾದ ಮಾಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಪೆಪಿಗೆ ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು ಹೊರಡುತ್ತೇನೆಂದು ಮೂಲೆಯ ಸ್ಟೂಲಿನ ಮೇಲೆ ಕೂತ.

ಪೆಪಿ ಸುಧಾರಿಸಿಕೊಳ್ಳುವುದೆಂದರೆ ತಗ್ಗು ಮೇಜಿಗೆ ಗದ್ದವೂರಿ ನಿಲ್ಲುವುದು. ಮೇಜಿನ ಮೇಲೆ ಮಿನ್ಕಾ ಮಲಗಿದ್ದಳು. ನಾಯಿ ಬಂದರೆ ಎದ್ದು ಹೋಗುವುದು ತನ್ನ ಘನತೆಗೆ ಕಡಿಮೆಯೆಂದು ಭಾವಿಸಿದವಳು ಅವಳು. ಒಂದೇ ಸಾಲಿನಲ್ಲಿ ಎರಡು ತಲೆ. ಒಟ್ಟಿಲಿ ಸೂಜಿಗೆ ದಾರ ಪೋಣಿಸುತ್ತ ಸುಮ್ಮನೆ ನೋಡಿದವಳು, ದಾರ ಬಿಟ್ಟು ಮತ್ತೆ ನೋಡಿದಳು. ಎರಡಕ್ಕೂ ಹಣೆ ನೇರ ಕೆಳಗಿಳಿದು ಬಾಯಿಯಾಗಿತ್ತು. ಎರಡಕ್ಕೂ ಕೆನ್ನೆಮೂಳೆ ಅಗಲಕ್ಕೆ ಕಮಾನು ಕಟ್ಟಿತ್ತು.

ಬೆಕ್ಕಿಗೂ ಮೂತಿಯಿಲ್ಲ. ಹಾಗಾದರೆ ಇಷ್ಟು ವರ್ಷ ಬೆಕ್ಕಿನ ಮುಖವಾಡವನ್ನು ತಾನು ಎಲ್ಲಿ ಕೂರಿಸುತ್ತಿದ್ದೆ? ಮೂಗಿನ ಮೇಲಲ್ಲ, ಕೆನ್ನೆಮೂಳೆಗಳ ಮೇಲೆ.

ಅವಳು ಎದ್ದು ಬಂದು ಪೆಪಿಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಅವನ ತಲೆ ಹಿಡಿದಳು. ಮಡಿಕೆಗಳ ಕೆಳಗೆ ಮೂಳೆ ಸಿಕ್ಕಿತು, ಬಲವಾದ ಎರಡು ಕಮಾನು. ಕೋಟೆಯನ್ನೇ ಕೂರಿಸಬಹುದು, ಕುಕ್ಕೆ ಯಾವ ಲೆಕ್ಕ. ಕಷ್ಟ ಇದ್ದದ್ದು ಕಟ್ಟುವುದರಲ್ಲಿ. ತಲೆ ಎಷ್ಟು ದಪ್ಪವೋ ಕತ್ತೂ ಅಷ್ಟೇ ದಪ್ಪ, ಪಟ್ಟಿ ಜಾರಿಬೀಳುತ್ತದೆ. ಬಿಗಿದರೆ ಕಣ್ಣಿಗೆ ಕುತ್ತು.

"ಕತ್ತಿಗೆ ಕಟ್ಟಲ್ಲ," ಎಂದು ಅವಳು ನಾಯಿಗೇ ಹೇಳಿದಳು. "ಎದೆಗೆ ಕಟ್ತೀನಿ. ಕುದುರೆಗೆ ಜೀನು ಕಟ್ಟಲ್ವಾ, ಹಾಗೆ. ಅಪ್ಪನ ಕೆಲಸಾನೂ ಬಂದ ಹಾಗಾಯ್ತು."

"ಅಂದ್ರೆ ಮಾಡ್ತೀರಾ?" ಎಂದ ನವ್ರಾಟಿಲ್.

"ಅಳತೆ ತೆಗೀತೀನಿ ಅಂದೆ ಅಷ್ಟೇ. ಬಾಯಿ ಪೂರ್ತಿ ತೆರೆದಾಗಿನ ಅಳತೆ ಬೇಕು. ಆಕಳಿಸೋಕೆ ಹೇಳಿ ಇವನಿಗೆ."

ಪೆಪಿ ಆಕಳಿಸಲಿಲ್ಲ. ಸಾಸೇಜ್ ತೋರಿಸಿದರೆ ಬಾಯಿ ಅರ್ಧ ತೆರೆದು, ಕಸಿದು, ಮುಚ್ಚಿಕೊಂಡ. ಯಾರಾದರೂ ಆಕಳಿಸಿದರೆ ನಾಯಿಗೂ ಬರುತ್ತದೆಂದು ಒಟ್ಟಿಲಿಗೆ ಗೊತ್ತಿತ್ತು. ಅಳತೆಪಟ್ಟಿ ಹಿಡಿದು ಅವನೆದುರು ಕೂತು ಬಾಯಿ ಅಗಲಿಸಿ ಆಕಳಿಸಿದಳು. ನವ್ರಾಟಿಲ್ ಮೊದಲು ಕೈ ಅಡ್ಡ ಹಿಡಿದು ಸಭ್ಯವಾಗಿ ಆಕಳಿಸಿದ.

"ಕೈ ತೆಗೀರಿ ಇನ್ಸ್‌ಪೆಕ್ಟರ್ ಸಾಹೇಬ್ರೇ. ಅವನಿಗೆ ನಿಮ್ಮ ಅಂಗುಳ ಕಾಣಬೇಕು."

ಪಕ್ಕದ ಬೇಕರಿಯಾಕೆ ಕಿಟಕಿಯಲ್ಲಿ ನೋಡಿದಾಗ, ವಯಸ್ಸಾದ ಇಬ್ಬರು ನೆಲದ ಮೇಲೆ ಕೂತು ಒಂದು ಬುಲ್‌ಡಾಗಿನ ಮುಖಕ್ಕೆ ಸರದಿಯ ಮೇಲೆ ಆಕಳಿಸುತ್ತಿದ್ದರು. ಮಿನ್ಕಾ ಆಕಳಿಸಿದಳು. ಬೇಕರಿಯಾಕೆಯೂ ಆಕಳಿಸಿದಳು. ಮಧ್ಯಾಹ್ನ ಹನ್ನೆರಡೂಕಾಲಿಗೆ ಪೆಪಿ ಕೊನೆಗೂ ಕೃಪೆ ತೋರಿದ. ಬಾಯಿ ತೆರೆಯುತ್ತಲೇ ಹೋಯಿತು. ಒಟ್ಟಿಲಿ ಅಳತೆಪಟ್ಟಿಯನ್ನು ಸುತ್ತ ಹಿಡಿದು ಓದಿ, ಒಂದು ಕ್ಷಣ ನಂಬದೆ, ಮತ್ತೆ ಓದಿದಳು. ಬಾಯಿ ಮುಚ್ಚಿಸಿ ತೆಗೆಯುತ್ತಿದ್ದ ಅಪ್ಪನ ಅಳತೆಗಿಂತ ಎರಡೂವರೆ ಪಟ್ಟು.

ಐದು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ತೆಳು ಉಕ್ಕಿನ ತಂತಿ ಬಗ್ಗಿಸಿ, ಮೇಲೆ ಮೆದು ತೊಗಲು ಸುತ್ತಿ, ಕಣ್ಣಿನ ಕೆಳಗಿನಿಂದ ಶುರುವಾಗಿ ಗದ್ದದ ಮುಂದಕ್ಕೆ ಉಬ್ಬಿದ ಒಂದು ಪಂಜರ ಕಟ್ಟಿದಳು. ಎರಡು ಪಟ್ಟಿ ಕಿವಿಯ ಹಿಂದೆ ಹಾದು ಎದೆಯ ಜೀನಿಗೆ ಸೇರುತ್ತಿದ್ದವು, ಗಂಟಲಿಗೆ ಏನೂ ತಾಗುತ್ತಿರಲಿಲ್ಲ. ನೋಡಲು ಮಾತ್ರ ಚಂದವಿರಲಿಲ್ಲ. ಶನಿವಾರ ತೊಡಿಸಿದಾಗ ನವ್ರಾಟಿಲ್ ಗಂಟಲು ಸರಿಮಾಡಿಕೊಂಡು, "ಗಟ್ಟಿಯಾಗಿದೆ," ಎಂದಷ್ಟೇ ಹೇಳಿದ.

"ನಾಳೆ ನಾನೂ ಬರ್ತೀನಿ," ಎಂದಳು ಒಟ್ಟಿಲಿ. "ಇವನ ನಾಲಿಗೆ ಬಣ್ಣ ಬದಲಾದ್ರೆ ಆ ಕ್ಷಣ ಬಿಚ್ತೀನಿ. ನಿಮ್ಮ ನಿಯಮ ಆಮೇಲೆ."

ಭಾನುವಾರ ಸುಡುಬಿಸಿಲು. ಒಟ್ಟಿಲಿ ನೀರಿನ ಬಾಟಲಿ, ಒದ್ದೆ ಬಟ್ಟೆ, ಜೊತೆಗೆ ಪಟ್ಟಿ ಕತ್ತರಿಸುವ ಚಾಕು ಇಟ್ಟುಕೊಂಡಳು. ನವ್ರಾಟಿಲ್ ಅಕ್ಕನಿಗೆಂದು ಏಪ್ರಿಕಾಟ್ ಹಣ್ಣಿನ ಕಡುಬುಗಳನ್ನು ಡಬ್ಬಿಯಲ್ಲಿ ತಂದಿದ್ದ. ಕೈಯಲ್ಲಿ ಮೂರು ಟಿಕೆಟ್, ಅದರಲ್ಲಿ ಒಂದು ಅರ್ಧ. ವಾಪಸ್ ಬರಲು ಇನ್ನೂ ಮೂರನ್ನು ಜೇಬಿನಲ್ಲಿ ಮೊದಲೇ ಕೊಂಡಿಟ್ಟಿದ್ದ. ಟ್ರಾಮ್ ಹತ್ತಿದ ಕೂಡಲೇ ಜನ ತಿರುಗಿ ನೋಡಿದರು. ಯಾರೋ, "ಅಯ್ಯೋ, ಹಕ್ಕಿ ಸಾಕೋಕೆ ಹೊರಟಿದಾನಾ ಇವನು?" ಎಂದರು. ಪೆಪಿ ಯಾರನ್ನೂ ಲೆಕ್ಕಿಸದೆ ನಡುದಾರಿಯಲ್ಲಿ ಕೂತ.

ಸೇತುವೆ ಬರುವ ಮೊದಲು ಇನ್ಸ್‌ಪೆಕ್ಟರ್ ಹತ್ತಿದ. ಎಳೆ ವಯಸ್ಸು, ಇಸ್ತ್ರಿ ಮಾಡಿದ ಸಮವಸ್ತ್ರ. ಪೆಪಿಯ ಮುಂದೆ ನಿಂತು ತಲೆ ಕೆರೆದುಕೊಂಡ.

"ಹೂಬುಟ್ಟಿನಾ ಇದು?"

"ಬಾಯಿಕುಕ್ಕೆ," ಎಂದ ನವ್ರಾಟಿಲ್.

"ಇಷ್ಟು ಸಡಿಲ ಇದ್ರೆ ನಡಿಯತ್ತಾ? ಒಳಗೆ ಬಾಯಿ ತೆರೀತಿದಾನಲ್ಲ."

"ಕಚ್ಚೋಕೆ ಆಗಬಾರದು ಅಂತಿದೆ. ಬೆರಳು ಹಾಕಿ ನೋಡಿ, ಹಲ್ಲಿಗೆ ಸಿಗಲ್ಲ. ಬಾಯಿ ತೆರೀಬಾರದು ಅಂತ ನಿಯಮದಲ್ಲಿ ಬರೆದಿಲ್ಲ."

ಹುಡುಗ ಬೆರಳು ಹಾಕಿ ನೋಡಿದ. ಅಷ್ಟರಲ್ಲಿ ಟ್ರಾಮ್ ಸೇತುವೆಯ ನಡುವೆ ಗಕ್ಕನೆ ನಿಂತಿತು. ಮುಂದೆ ಯಾವುದೋ ಗಾಡಿ ಕೆಟ್ಟಿತ್ತಂತೆ. ಐದು ನಿಮಿಷ, ಹತ್ತು ನಿಮಿಷ. ಗಾಳಿಯಿಲ್ಲ, ತಗಡಿನ ಚಾವಣಿ ಕಾದ ಹಂಚಾಯಿತು. ಪೆಪಿಯ ಉಸಿರು ಜೋರಾಯಿತು. ನಾಲಿಗೆ ಅಗಲವಾಗಿ ಹೊರಚಾಚಿತು. ಒಟ್ಟಿಲಿ ಅವನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಅವಳಿಗೆ ಕಾಣಿಸುತ್ತಿದ್ದದ್ದು ಪೆಪಿಯಲ್ಲ, ಕಾಲು ಮಡಿಸಿ ಬಿದ್ದ ಹಸ್ಸೋ. ಕೈ ತಾನಾಗಿಯೇ ಚಾಕು ಹುಡುಕಿತು. ಅದನ್ನು ಬಿಚ್ಚಿ ಪಟ್ಟಿಯ ಹತ್ತಿರ ತಂದಳು.

ನವ್ರಾಟಿಲ್ ಬಗ್ಗಿ ಪಂಜರದೊಳಗೆ ನೋಡಿದ. "ಬೇಕಾದ್ರೆ ಬಿಚ್ಚಿ, ಫ್ರಾವ್ ಹಾವ್ಲಿಕ್. ನಾನು ಇವನ ಜೊತೆ ಇಳಿದು ನಡೀತೀನಿ. ಆದ್ರೆ ಒಂದು ಸಲ ನೋಡಿ. ಯಾವ ಬಣ್ಣ ಇದೆ?"

ಅವಳು ಒದ್ದೆ ಬಟ್ಟೆಯನ್ನು ಪೆಪಿಯ ಎದೆಗೆ ಒತ್ತಿ, ನಾಲಿಗೆ ನೋಡಿದಳು. ಹಂದಿಮರಿಯ ಹೊಟ್ಟೆಯಷ್ಟು ಗುಲಾಬಿ.

ಆಗ ಪೆಪಿ ಆಕಳಿಸಿದ. ಅವಸರವಿಲ್ಲದೆ, ಕಣ್ಣು ಕಿರಿದು ಮಾಡಿ, ಕಿವಿಯ ತನಕ ಬಾಯಿ ತೆರೆದು, ಗಂಟಲಿನ ಪರದೆ ಕಾಣುವ ಹಾಗೆ ಆಕಳಿಸಿ, ತುಟಿ ಚಪ್ಪರಿಸಿ ಮುಚ್ಚಿಕೊಂಡ. ತಂತಿಗೆ ಎಲ್ಲೂ ತಾಗಲಿಲ್ಲ. ಒಟ್ಟಿಲಿ ಚಾಕುವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಎದುರು ಕೂತ ಹೆಂಗಸು ಆಕಳಿಸಿದಳು, ಅವಳ ಗಂಡ ಆಕಳಿಸಿದ, ಹಿಂದಿನ ಸೀಟಿನ ಸೈನಿಕ ಆಕಳಿಸಿದ. ಎಳೆಯ ಇನ್ಸ್‌ಪೆಕ್ಟರ್ ತಡೆದುಕೊಳ್ಳಲು ನೋಡಿ, ಆಗದೆ, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಆಕಳಿಸಿದ. ಟ್ರಾಮ್ ಕದಲಿತು.

ವೃದ್ಧಾಶ್ರಮದ ಮೇಲ್ವಿಚಾರಕಿ ನಾಯಿಯನ್ನು ತೋಟದವರೆಗೆ ಮಾತ್ರ ಬಿಟ್ಟಳು, ಅದೂ ಕುಕ್ಕೆ ಇದ್ದರೆ. ಮಿಟ್ಸಿಯನ್ನು ಗಾಲಿಕುರ್ಚಿಯಲ್ಲಿ ಮರದ ನೆರಳಿಗೆ ತಂದು ಬಿಟ್ಟರು. ನಿದ್ದೆಗೆಟ್ಟ ಕಣ್ಣುಗಳ ಸುತ್ತ ಚರ್ಮ ಕಂದಿತ್ತು. ಹೆಜ್ಜೆ ಸದ್ದು ಕೇಳಿಯೇ ಕೈ ಚಾಚಿದಳು.

"ಹೀಗೆ ಏದುಸಿರು ಬಿಡ್ತಿರೋದು ಯಾರು, ಪೆಪಿನಾ, ಲೊಯ್ಸೀ ನೀನಾ?"

"ಇಬ್ಬರೂ," ಎಂದ ಅಕ್ಕನ ಬಾಯಲ್ಲಿ ಲೊಯ್ಸೀ ಆದ ನವ್ರಾಟಿಲ್. "ಹುಟ್ಟುಹಬ್ಬದ ಶುಭಾಶಯ, ಅಕ್ಕಾ."

ಅವಳ ಬೆರಳು ಮೊದಲು ತಂತಿಗೆ ತಾಗಿ ಹಿಂಜರಿದವು. ಆಮೇಲೆ ಸಂದಿನಲ್ಲಿ ತೂರಿ ಒಳಗೆ ಹೋದವು. ಹಣೆಯ ಮಡಿಕೆ, ಚಪ್ಪಟೆ ಮೂಗು, ಚಾಚಿದ ದವಡೆ, ಹೊರಗುಳಿದ ಹಲ್ಲು, ಒಂದೊಂದನ್ನೂ ಮುಟ್ಟಿ ಲೆಕ್ಕ ನೋಡಿದಳು. ಗೋಣಿತಟ್ಟಿನಡಿ ಕೈಯಿಟ್ಟು ಕಲಿತ ಒಟ್ಟಿಲಿಗೆ ಆ ಬೆರಳುಗಳ ನಡೆ ಚೆನ್ನಾಗಿ ಅರ್ಥವಾಗುತ್ತಿತ್ತು. ಇವಳು ಬ್ಲಾಹಾನ ಬಳಿ ಬಂದಿದ್ದರೆ ಒಂದೇ ಬುಧವಾರಕ್ಕೆ ಪಾಸಾಗುತ್ತಿದ್ದಳು.

"ದಪ್ಪ ಆಗಿದಾನೆ. ಏನು ತಿನ್ನಿಸ್ತಿದೀಯಾ?"

"ನಿಯಮದ ಪ್ರಕಾರ ಅಕ್ಕಾ."

"ಸುಳ್ಳ. ಸಾಸೇಜ್ ವಾಸನೆ ಬರ್ತಿದೆ." ಬೆರಳುಗಳು ಮತ್ತೆ ಪಂಜರದೊಳಗೆ ಸುತ್ತಿದವು. "ಈ ಮನೆ ಕಟ್ಟಿದ್ದು ಯಾರು? ಒಳಗೆ ನನ್ನ ಕೈಗೂ ಜಾಗ ಇಟ್ಟಿದಾರೆ."

ಒಟ್ಟಿಲಿ ಬಗ್ಗಿ ಪೆಪಿಯ ಎದೆಯ ಪಟ್ಟಿ ಸರಿಪಡಿಸಿದಳು. ನವ್ರಾಟಿಲ್ ಅವಳ ಪರವಾಗಿ ಹೆಸರು ಹೇಳಿದ. ಬಾಗಿಲಿನ ಫಲಕವನ್ನು ಕಿತ್ತುಹಾಕುತ್ತೇನೆಂದು ಅವಳು ತೀರ್ಮಾನಿಸಿದ್ದು ಆಗಲೇ. ಹಸ್ಸೋನ ಕುಕ್ಕೆ ಮಾತ್ರ ಮೊಳೆಯಲ್ಲೇ ಇರಲಿ, ಅದರ ಪಕ್ಕ ಇನ್ನೊಂದು ಮೊಳೆ ಹೊಡೆದು ಪೆಪಿಯ ಕುಕ್ಕೆಯ ಮಾದರಿ ತೂಗುಹಾಕಿದರಾಯಿತು.

ಕಡುಬು ತಿಂದರು. ಪೆಪಿ ಮಿಟ್ಸಿಯ ಪಾದದ ಮೇಲೆ ಗದ್ದವಿಟ್ಟು, ಕುಕ್ಕೆ ತೊಟ್ಟುಕೊಂಡೇ ನಿದ್ದೆ ಹೋದ. ಸ್ವಲ್ಪ ಹೊತ್ತಿಗೆ ಅವನ ಗಂಟಲಿನ ಪರದೆ ಹೊಡೆದುಕೊಳ್ಳತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಮರ ಕೊಯ್ಯುವ ಹಾಗೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನವ್ರಾಟಿಲ್ ನಾಚಿ ಅವನನ್ನು ಎಬ್ಬಿಸಲು ಬಗ್ಗಿದ.

"ಮುಟ್ಟಬೇಡ," ಎಂದಳು ಮಿಟ್ಸಿ, ಕಣ್ಣು ಮುಚ್ಚಿಕೊಂಡು. "ಹನ್ನೊಂದು ವರ್ಷ ಇದನ್ನ ಬೈಕೊಂಡು ಮಲಗಿದೀನಿ. ಇಲ್ಲಿ ಎಲ್ಲ ಎಷ್ಟು ನಿಶ್ಶಬ್ದ ಗೊತ್ತಾ ಲೊಯ್ಸೀ. ಒಂದೇ ಒಂದು ಸದ್ದಿಲ್ಲ."

ಮಾತು ಅಲ್ಲಿಗೆ ನಿಂತಿತು. ಅವಳ ತಲೆ ಒಂದು ಪಕ್ಕಕ್ಕೆ ವಾಲಿತು, ಬಾಯಿ ಸ್ವಲ್ಪ ತೆರೆದುಕೊಂಡಿತು. ಮೂರು ಗಂಟೆಗೆ ನರ್ಸ್ ಒಂದು ಲೋಟ ನೀರು, ಒಂದು ಮಾತ್ರೆ ಹಿಡಿದು ಬಂದಳು. ಕುರ್ಚಿಯ ಮುಂದೆ ನಿಂತು, ಆ ಇಬ್ಬರ ಗೊರಕೆಯನ್ನೂ ಕೇಳಿ, ಮಾತ್ರೆಯನ್ನು ವಾಪಸ್ ಜೇಬಿಗೆ ಹಾಕಿಕೊಂಡು, ನೀರನ್ನು ತಾನೇ ಕುಡಿದು ಹೋದಳು.

ನವ್ರಾಟಿಲ್ ಜೇಬಿನಿಂದ ನೌಕರಿಯ ಕಾಲದ ಗಡಿಯಾರ ತೆಗೆದ. ಮೂರೂ ಹನ್ನೆರಡರ ಟ್ರಾಮಿಗೆ ಹೊರಡಬೇಕಿತ್ತು. ಗಡಿಯಾರ ನೋಡಿದ, ಅಕ್ಕನನ್ನು ನೋಡಿದ, ಗಡಿಯಾರವನ್ನು ಮುಚ್ಚಿ ಒಳಗಿಟ್ಟ.

"ಮುಂದಿನದಕ್ಕೆ ಹೋದ್ರಾಯ್ತು ಬಿಡಿ, ಫ್ರಾವ್ ಹಾವ್ಲಿಕ್," ಎಂದು ಪಿಸುಗುಟ್ಟಿದ.

ಆ ಮಧ್ಯಾಹ್ನ ಅವರು ನಾಲ್ಕು ಟ್ರಾಮ್ ಬಿಟ್ಟರು.